21 ಗೇರಿನ ಹೈಬ್ರಿಡ್ ಸೈಕಲ್: ಶಿವಮೊಗ್ಗಕ್ಕೆ ಇದ್ದ ಹಾಗೇ ಸಾಕು, ಘಾಟಿಗೆ ಫ್ರೀವೀಲ್ ಬದಲಿಸಿ

ಬಿ.ಪಿ., ಶುಗರ್ ಹತ್ತಿರ ಬರ್ತಿದೆ, ದಿನಾ ಸ್ವಲ್ಪ ಬೆವರು ಹರಿಸಿ ಅಂತ ಡಾಕ್ಟರು ಹೇಳಿದ ಮೇಲೆ ಸೈಕಲ್ ಅಂಗಡಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ದಪ್ಪ ಟೈರಿನ, ಮುಂದೆ ಸಸ್ಪೆನ್ಷನ್ ಇರುವ ಎಂಟಿಬಿ (ಮೌಂಟನ್ ಬೈಕ್). ಹೆಚ್ಚುಕಡಿಮೆ ಅದೇ ದುಡ್ಡಿಗೆ, 15ರಿಂದ 20 ಸಾವಿರದ ಆಸುಪಾಸಿನಲ್ಲಿ, ರೋಡ್ ಬೈಕಿಗೂ ಎಂಟಿಬಿಗೂ ನಡುವಿನದಾದ ಹೈಬ್ರಿಡ್ ಕೂಡ ಸಿಗುತ್ತದೆ. ಈ ವಿಮರ್ಶೆ ಅದರದ್ದು: 700×35 ಟೈರು (35 ಮಿ.ಮೀ. ಅಗಲ), ಮುಂದೆ ಪೆಡಲ್ ಬಳಿ ಮೂರು ಚೈನ್‌ರಿಂಗ್ (ಹಲ್ಲಿನ ಚಕ್ರ), ಹಿಂದಿನ ಚಕ್ರದ ಫ್ರೀವೀಲಿನಲ್ಲಿ (ಹಲ್ಲಿನ ಚಕ್ರಗಳ ಗೊಂಚಲು) ಏಳು ಗೇರು, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಶಿಮಾನೊ ಟೂರ್ನಿ ಡಿರೇಲರ್, ಮುಂದಿನ ಚಕ್ರ ಹಿಡಿಯುವ, ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್. ಫ್ರೇಮಿನ ಮೇಲಿನ ಹೆಸರು ಯಾವುದೇ ಇರಲಿ, ಈ ಬೆಲೆಯಲ್ಲಿ ಸಾಮಾನು ಬಹುಪಾಲು ಇದೇ.

ಎಂಟಿಬಿ ಬೇಡ ಎನ್ನಲು ಕಾರಣ ಸರಳ. ಈ ಬೆಲೆಯ ಸಸ್ಪೆನ್ಷನ್ ಫೋರ್ಕ್ ಅಂದರೆ ಒಳಗೊಂದು ಸ್ಪ್ರಿಂಗ್, ಅಷ್ಟೇ. ಒಂದು ಕಿಲೋಗೂ ಹೆಚ್ಚು ತೂಕ ಸೇರುತ್ತದೆ, ಏರಿನಲ್ಲಿ ಎದ್ದು ನಿಂತು ತುಳಿದರೆ ಶಕ್ತಿಯೆಲ್ಲ ಸ್ಪ್ರಿಂಗು ಕುಗ್ಗಿಸುವುದಕ್ಕೇ ಹೋಗುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಇಳಿದು ತುಕ್ಕು ಹಿಡಿಯುತ್ತದೆ. ಶಿವಮೊಗ್ಗದ ಹಂಪುಗಳಿಗೆ 35ರ ಟೈರಿನಲ್ಲಿ ಗಾಳಿ ಸರಿಯಾಗಿದ್ದರೆ ಸಾಕು. 70 ಕಿಲೋ ತೂಕದವರು ಹಿಂದೆ 60, ಮುಂದೆ 55 ಪಿಎಸ್‌ಐ ಗಾಳಿಯೊತ್ತಡ ಇಟ್ಟುಕೊಳ್ಳಬಹುದು. ಮಳೆಯಲ್ಲಿ ಐದೈದು ಕಡಿಮೆ ಮಾಡಿದರೆ ಹಿಡಿತ ಚೆನ್ನಾಗಿರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯನ್ನು ಮಾತ್ರ ದಾಟಬೇಡಿ.

ಊರ ಸುತ್ತ ಈ ಸೈಕಲ್ ನಿಜಕ್ಕೂ ಒಳ್ಳೆಯದು. ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿನ ಆನೆ ಬಿಡಾರದವರೆಗೆ ಸುಮಾರು 14 ಕಿ.ಮೀ. ಅಂಥ ದೊಡ್ಡ ಏರಿಲ್ಲ, ಮಧ್ಯದ ಚೈನ್‌ರಿಂಗಿನಲ್ಲೇ ಹೋಗಿ ಬರಬಹುದು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ ಎರಡು ಸಲ ಸಕ್ರೆಬೈಲಿಗೆ ಹೋಗಿ ಬಂದರೆ ಅದು ಮುಗಿದಂತೆ. ಹೊಸಬರು ಮೊದಲ ಎರಡು ವಾರ 20 ನಿಮಿಷಕ್ಕೇ ನಿಲ್ಲಿಸಲಿ. ತುಳಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗವೇ ಸರಿಯಾದದ್ದು. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹತ್ತಬೇಡಿ.

ಮಂಡಿನೋವು ಬಂತು ಅಂತ ತಿಂಗಳಲ್ಲೇ ಸೈಕಲ್ ಮೂಲೆಗೆ ಸೇರುವುದುಂಟು. ತಪ್ಪು ಬಹುಪಾಲು ಸೀಟಿನದು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗಿನ ತುದಿಗೆ ತಂದರೆ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದಾಗ ಮಂಡಿ ತುಸು ಬಗ್ಗಿರುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ ಎಂದು ಮೊದಲು ಅನುಮಾನಿಸಿ, ಅರ್ಧ ಸೆಂಟಿಮೀಟರಿನಂತೆ ಸರಿಪಡಿಸಿ. ಇನ್ನೊಂದು ಕಾರಣ ಭಾರದ ಗೇರು. ನಿಮಿಷಕ್ಕೆ 70ರಿಂದ 80 ಸುತ್ತು ತುಳಿಯುವಂತೆ ಹಗುರ ಗೇರಿಗೆ ಇಳಿಸಿಕೊಳ್ಳಿ. ಗೇರು ಇರುವುದೇ ಅದಕ್ಕೆ.

ಇನ್ನು ಘಾಟಿ. ಇಲ್ಲೇ ಈ ಸೈಕಲ್ ಸೋಲುವುದು. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 48-38-28 ಹಲ್ಲು, ಹಿಂದೆ 14ರಿಂದ 28. ಅಂದರೆ ಅತಿ ಹಗುರ ಗೇರಿನಲ್ಲೂ (ಮುಂದೆ 28, ಹಿಂದೆ 28) ಒಂದು ಸುತ್ತು ತುಳಿದರೆ ಚಕ್ರ ಒಂದು ಪೂರ್ತಿ ಸುತ್ತು, ಸುಮಾರು 2.17 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿಯಬೇಕೆಂದರೆ ಗಂಟೆಗೆ 7.8 ಕಿ.ಮೀ. ವೇಗ ಬೇಕು. ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವಾಗ ಹೊಸಬರ ಉಸಿರು ಆ ವೇಗಕ್ಕೆ ಒದಗುವುದಿಲ್ಲ. ಹಿಂದೆ 14-34ರ ಫ್ರೀವೀಲ್ ಹಾಕಿಸಿದರೆ ಅದೇ ತುಳಿತಕ್ಕೆ 6.4 ಕಿ.ಮೀ. ಸಾಕು. ಅದರ ಜೊತೆಗೆ ಮುಂದೆ 42-34-24ರ ಕ್ರ್ಯಾಂಕ್ (ಪೆಡಲ್ ತೋಳು, ಚೈನ್‌ರಿಂಗ್ ಸೇರಿದ ಭಾಗ) ಇರುವ ಮಾಡೆಲ್ ಸಿಕ್ಕಿದರೆ 5.5ಕ್ಕೆ ಇಳಿಯುತ್ತದೆ. ಘಾಟಿ ಹತ್ತುವ ಆಸೆಯಿದ್ದವರು ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಹಲ್ಲು ಎಣಿಸಿ.

ಬದಲಿಸುವ ಮುನ್ನ ಹಿಂದಿನ ಡಿರೇಲರ್ ಮೇಲಿನ ನಂಬರ್ ಓದಿ. ಟಿವೈ300 ಆದರೆ 34 ಹಲ್ಲು ತಡೆಯುತ್ತದೆ. ಟಿವೈ21 ಆದರೆ 28ಕ್ಕೇ ಅದರ ಮಿತಿ, ಡಿರೇಲರನ್ನೂ ಬದಲಿಸಬೇಕಾಗುತ್ತದೆ. ಫ್ರೀವೀಲ್ ಬಿಚ್ಚಲು 12 ಗೀರಿನ ಶಿಮಾನೊ ಪುಲ್ಲರ್ ಬೇಕು. ತುಳಿದಷ್ಟೂ ಅದು ಬಿಗಿಯಾಗುತ್ತಾ ಹೋಗುವುದರಿಂದ ಸಣ್ಣ ಸ್ಪ್ಯಾನರಿಗೆ ಜಗ್ಗುವುದಿಲ್ಲ. ಪುಲ್ಲರನ್ನು ವೈಸಿಗೆ ಕಚ್ಚಿಸಿ ಚಕ್ರವನ್ನೇ ಎಡಕ್ಕೆ ತಿರುಗಿಸಿ. ಹೊಸದನ್ನು ಕೂರಿಸುವಾಗ ಥ್ರೆಡ್ಡಿಗೆ ಗ್ರೀಸ್ ಸವರಲೇಬೇಕು. ದೊಡ್ಡ ಹಲ್ಲಿಗೆ ಹಳೇ ಚೈನಿನ ಉದ್ದ ಸಾಲುವುದಿಲ್ಲ. ಡಿರೇಲರ್ ಬಿಟ್ಟು ಮುಂದಿನ ದೊಡ್ಡದು, ಹಿಂದಿನ ದೊಡ್ಡದು ಎರಡನ್ನೂ ಚೈನಿನಿಂದ ಸುತ್ತಿ, ಅದಕ್ಕೆ ಎರಡು ಕೊಂಡಿ ಸೇರಿಸಿದ ಉದ್ದ ಇಟ್ಟುಕೊಳ್ಳಿ.

ಬ್ರೇಕು ವಿ-ಬ್ರೇಕ್ (ರಿಮ್ಮನ್ನು ಎರಡೂ ಕಡೆಯಿಂದ ರಬ್ಬರು ಒತ್ತುವಂಥದ್ದು) ಆಗಿದ್ದರೆ ನಮ್ಮ ಕೆಮ್ಮಣ್ಣೇ ಅದರ ಶತ್ರು. ಆರಿದ್ರಾ ಮಳೆ ಹಿಡಿದ ಮೇಲೆ ರಾಡಿ ರಿಮ್ಮಿಗೆ ಅಂಟಿ, ರಬ್ಬರು ಸಾಣೆಕಲ್ಲಿನಂತೆ ರಿಮ್ಮನ್ನು ತೇಯುತ್ತದೆ. ಮನೆಗೆ ಬಂದೊಡನೆ ಒದ್ದೆ ಬಟ್ಟೆಯಲ್ಲಿ ರಿಮ್ ಒರೆಸಿ. ರಬ್ಬರಿನಲ್ಲಿ ಮಿನುಗುವ ಅಲ್ಯೂಮಿನಿಯಂ ಚೂರು ಕಂಡರೆ ಪಿನ್ನಿನಿಂದ ಕೀಳಿ. ಒದ್ದೆ ರಿಮ್ಮಿನಲ್ಲಿ ಮೊದಲ ಒಂದೆರಡು ಸುತ್ತು ಬ್ರೇಕು ನೀರನ್ನಷ್ಟೇ ಒರೆಸುತ್ತದೆ, ಹಿಡಿಯುವುದು ಆಮೇಲೆ. ಹಾಗಾಗಿ ಇಳಿಜಾರಿನಲ್ಲಿ ತಿರುವಿಗೆ ಮೊದಲೇ ಒತ್ತಿ ವೇಗ ತಗ್ಗಿಸಿ, ತಿರುವಿನೊಳಗೆ ಒತ್ತಬೇಡಿ. ವಾರವಿಡೀ ಮಳೆಯಲ್ಲೇ ಓಡಿಸುವವರಿಗೆ ಕೇಬಲ್ ಡಿಸ್ಕ್ ಬ್ರೇಕ್ ಇರುವ ಮಾಡೆಲ್ ಮೇಲು, ಆದರೆ ಡಿಸ್ಕಿಗೆ ಚೈನ್ ಎಣ್ಣೆಯ ಒಂದು ಹನಿ ತಾಗಿದರೂ ಅದು ಕಿರುಚುತ್ತದೆ, ಹಿಡಿಯುವುದಿಲ್ಲ.

ಚೈನಿಗೆ ಎಂಜಿನ್ ಆಯಿಲ್ ಬೇಡ, ಮಣ್ಣು ಮೆತ್ತಿಕೊಳ್ಳುತ್ತದೆ. ಮಳೆಗೆಂದೇ ಬರುವ ವೆಟ್ ಲ್ಯೂಬನ್ನು ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಹತ್ತು ನಿಮಿಷ ಕಾದು, ಹೊರಗಿನದನ್ನು ಪೂರ್ತಿ ಒರೆಸಿ. ಸವೆತ ನೋಡಲು ಸ್ಟೀಲ್ ಸ್ಕೇಲು ಸಾಕು: ಪಿನ್ನಿಂದ ಪಿನ್ನಿಗೆ 12 ಜೋಡಿ ಕೊಂಡಿಯ ಉದ್ದ 12 ಇಂಚು ಇರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನ್ ಬದಲಿಸಿ. ತಡಮಾಡಿದರೆ ಫ್ರೀವೀಲೂ ಹೋಗುತ್ತದೆ.

ಮಡ್‌ಗಾರ್ಡ್ ಜೊತೆಗೆ ಬರದಿದ್ದರೆ ಉದ್ದನೆಯದನ್ನೇ ಬೇರೆ ಕೊಳ್ಳಿ. ಆನ್‌ಲೈನಿನಲ್ಲಿ ತರಿಸಿದವರು ಎರಡು ಸಂಗತಿ ನೋಡಿ: ಫೋರ್ಕ್ ಹಿಂದುಮುಂದಾಗಿ ಕೂತಿಲ್ಲ ತಾನೇ, ಎಡ ಪೆಡಲ್ ಸರಿಯಾಗಿ ಕೂತಿದೆಯೇ. ಎಡ ಪೆಡಲಿನ ಥ್ರೆಡ್ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿ. ಬಲವಂತವಾಗಿ ಬಲಕ್ಕೆ ತಿರುಗಿಸಿದರೆ ಕ್ರ್ಯಾಂಕ್ ತೋಳೇ ಹಾಳು. ಹೊಸ ಕೇಬಲ್ ಮೊದಲ ನೂರಿನ್ನೂರು ಕಿ.ಮೀ.ಗಳಲ್ಲಿ ಸಡಿಲಾಗಿ ಗೇರು ದೊಡ್ಡ ಹಲ್ಲಿಗೆ ಏರಲು ತಡವರಿಸುತ್ತದೆ. ಹಿಂದಿನ ಡಿರೇಲರಿಗೆ ಕೇಬಲ್ ಒಳಹೋಗುವ ಕಡೆಯ ತಿರುಪನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿದರೆ ಸರಿಹೋಗುತ್ತದೆ.

ವಿನೋಬನಗರದಿಂದ ದುರ್ಗಿಗುಡಿಗೆ ತರಕಾರಿ, ಹಾಲು ತರುವಷ್ಟೇ ಓಡಾಟ ಇರುವವರಿಗೆ ಇಷ್ಟೆಲ್ಲ ಗೇರು ಬೇಕಿಲ್ಲ. ಮುಂದೆ ಒಂದೇ ಚೈನ್‌ರಿಂಗ್ ಇರುವ 7 ಗೇರಿನದನ್ನು ಕೊಂಡು, ಉಳಿದ ದುಡ್ಡಿಗೆ ಹೆಲ್ಮೆಟ್ಟು, ಹಿಂದಿನ ಕೆಂಪು ದೀಪ, ಗಾಳಿ ಪಂಪು ತೆಗೆದುಕೊಳ್ಳಿ.