ಅಡಿಕೆ ಧಾರಣೆಯ ಒಂದು ಖಾಲಿ ಸೆಲ್ ಮತ್ತು ಐದು ಟೂಲ್‌ಗಳು

ಶಿರಸಿ, ಸಾಗರ, ಶಿವಮೊಗ್ಗ ಮಾರುಕಟ್ಟೆಗಳ ಅಡಿಕೆ ಧಾರಣೆಯನ್ನು ಒಂದೇ ಕಡೆ ತೋರಿಸುವ ಸಣ್ಣ ಆ್ಯಪ್ ಮಾಡುವ ಕೆಲಸ. ರಾಶಿ, ಬೆಟ್ಟೆ, ಚಾಲಿ, ಗೊರಬಲು ಅಂತ ಬಗೆಬಗೆಗೆ ಕನಿಷ್ಠ ದರ, ಗರಿಷ್ಠ ದರ. ಡೇಟಾ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯದ ಫೈಲ್‌ಗಳಲ್ಲಿದೆ. ಅದನ್ನು ಸ್ವಚ್ಛ ಮಾಡಿ ಜೇಸನ್ ಮಾಡಬೇಕು, ಆ್ಯಪ್ ಅದನ್ನು ಓದಬೇಕು. ಸ್ವಚ್ಛ ಮಾಡಲು ಪಾಂಡಾಸ್, ಪೋಲಾರ್ಸ್ ಎಂಬ ಪೈಥಾನ್ ಲೈಬ್ರರಿಗಳು, ಎಸ್‌ಕ್ಯುಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಬಳಸುವ ಡಕ್‌ಡಿಬಿ, ಹೀಗೆ ಮೂರನ್ನೂ ಬಳಸಿ ನೋಡಿದೆ. ಆ್ಯಪನ್ನು ಫ್ಲಟರ್‌ನಲ್ಲೂ ರಿಯಾಕ್ಟ್ ನೇಟಿವ್‌ನಲ್ಲೂ ಕಟ್ಟಿದೆ.

ವೇಗದ ಹೋಲಿಕೆ ಇಲ್ಲಿಲ್ಲ. ಇಷ್ಟು ಸಣ್ಣ ಫೈಲ್‌ಗೆ ಯಾವುದಾದರೂ ಸಾಕು. ನಾನು ನೋಡಿದ್ದು ಬೇರೆ: ಡೇಟಾ ಕೆಟ್ಟಿದ್ದಾಗ ಯಾವ ಟೂಲ್ ಬಾಯಿ ಬಿಟ್ಟು ಹೇಳುತ್ತದೆ, ಯಾವುದು ಸುಮ್ನೆ ಇರುತ್ತದೆ?

ಮೊದಲು ತಾರೀಕು. ನಮ್ಮಲ್ಲಿ ದಿನ, ತಿಂಗಳು, ವರ್ಷ ಅಂತ ಬರೆಯುತ್ತೇವೆ. ಪಾಂಡಾಸ್ 03/04/2024 ಎಂಬುದನ್ನು ಅಮೆರಿಕದ ಕ್ರಮದಲ್ಲಿ ಮಾರ್ಚ್ 4 ಅಂತ ಓದುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದು ಇನ್ನೂ ಕೆಟ್ಟದಾಗಿತ್ತು. 12ರವರೆಗಿನ ದಿನಗಳು ಒಂದು ಕ್ರಮದಲ್ಲಿ, 13ರಿಂದ ಮುಂದಿನವು ಇನ್ನೊಂದು ಕ್ರಮದಲ್ಲಿ, ಒಂದೇ ಕಾಲಂನಲ್ಲಿ ಬೆರೆತು ಕೂತಿರುತ್ತಿದ್ದವು. 2023ರಲ್ಲಿ ಬಂದ 2.0 ಆವೃತ್ತಿಯಿಂದ ಮೊದಲ ಸಾಲು ನೋಡಿ ಒಂದು ಕ್ರಮ ಹಿಡಿಯುತ್ತದೆ, ಹೊಂದದ ಸಾಲು ಸಿಕ್ಕರೆ ಎರರ್ ಕೊಡುತ್ತದೆ. ಆದರೆ ಫೈಲ್‌ನಲ್ಲಿ ತಿಂಗಳ ಮೊದಲ 12 ದಿನ ಮಾತ್ರ ಇದ್ದರೆ? ಎರರ್ ಇಲ್ಲ, ತಪ್ಪು ತಾರೀಕು ಮಾತ್ರ. 'ಡೇಫಸ್ಟ್' (ದಿನ ಮೊದಲು) ಆಯ್ಕೆ ಕೊಡುವುದಕ್ಕಿಂತ ಪೂರ್ತಿ ಫಾರ್ಮ್ಯಾಟ್ ಬರೆದುಬಿಡುವುದು ಒಳ್ಳೆಯದು. ಪೋಲಾರ್ಸ್ ತಾನಾಗಿ ಈ ಊಹೆಗೆ ಹೋಗುವುದಿಲ್ಲ. ನೀವಾಗಿ ಕೇಳದಿದ್ದರೆ ತಾರೀಕನ್ನು ಪಠ್ಯವಾಗಿಯೇ ಇಡುತ್ತದೆ, ಫಾರ್ಮ್ಯಾಟ್ ಕೊಟ್ಟು ಬದಲಿಸಲು ಹೇಳಿದರೆ ಒಂದು ಸಾಲು ಹೊಂದದಿದ್ದರೂ ನಿಂತುಬಿಡುತ್ತದೆ. ಡಕ್‌ಡಿಬಿ ಫೈಲ್‌ನ ಆರಂಭದ ಒಂದಷ್ಟು ಸಾವಿರ ಸಾಲು ನೋಡಿ, ಎಲ್ಲೋ 25/04 ಕಂಡರೆ ಕ್ರಮವನ್ನು ಅದೇ ಅರ್ಥ ಮಾಡಿಕೊಳ್ಳುತ್ತದೆ. ಜಾಣತನ ನಿಜ, ಆದರೂ ಅದು ಊಹೆಯೇ.

ಇನ್ನು ಖಾಲಿ ಸೆಲ್. ಅವತ್ತು ಆವಕ ಇಲ್ಲದಿದ್ದರೆ ದರದ ಜಾಗ ಖಾಲಿ ಇರುತ್ತದೆ, ಅದು ಸಹಜ. ಆದರೆ ಪಾಂಡಾಸ್‌ನಲ್ಲಿ ಒಂದೇ ಒಂದು ಖಾಲಿ ಸೆಲ್ ಇದ್ದರೆ ಇಡೀ ಕಾಲಂ ಪೂರ್ಣಾಂಕದಿಂದ ದಶಮಾಂಶಕ್ಕೆ ಬದಲಾಗುತ್ತದೆ. 48500 ಇದ್ದದ್ದು 48500.0 ಆಗುತ್ತದೆ. ಪಿನ್‌ಕೋಡ್ ಕಾಲಂನಲ್ಲಿ 577201.0 ಅಂತ ನೋಡಿದವರಿಗೆ ಇದು ಹಳೆಯ ಪರಿಚಯ, ಅಲ್ವಾ? ದೊಡ್ಡ ಅಕ್ಷರದ 'ಐ'ಯಿಂದ ಶುರುವಾಗುವ ಇಂಟ್64 ಟೈಪ್ ಕೊಟ್ಟರೆ ಸರಿಹೋಗುತ್ತದೆ. ಆದರೆ ಅದನ್ನು ನೆನಪಿಟ್ಟು ಕೊಡಬೇಕಾದವರು ನಾವು. ಪೋಲಾರ್ಸ್ ಮತ್ತು ಡಕ್‌ಡಿಬಿಯಲ್ಲಿ ಪೂರ್ಣಾಂಕ ಪೂರ್ಣಾಂಕವಾಗಿಯೇ ಇರುತ್ತದೆ, ಖಾಲಿ ಜಾಗ ನಲ್ (ಏನೂ ಇಲ್ಲ ಎಂಬ ಗುರುತು) ಆಗಿ ಉಳಿಯುತ್ತದೆ. ಏನೂ ಹೇಳಿಕೊಡಬೇಕಿಲ್ಲ.

ಪಾಂಡಾಸ್‌ಗೆ ನ್ಯಾಯ ಒದಗಿಸುವ ಜಾಗವೂ ಇದೆ. ದರವನ್ನು "1,02,500" ಅಂತ ಅಲ್ಪವಿರಾಮ ಹಾಕಿ ಬರೆದಿದ್ದರೆ, ಓದುವಾಗಲೇ 'ಥೌಸಂಡ್ಸ್' ಅಂತ ಒಂದು ಆಯ್ಕೆ ಕೊಟ್ಟರೆ ಮುಗಿಯಿತು. ನಮ್ಮ ಲಕ್ಷದ ಲೆಕ್ಕದ ಅಲ್ಪವಿರಾಮವೂ ಅದಕ್ಕೆ ತೊಂದರೆಯಿಲ್ಲ. ಪೋಲಾರ್ಸ್‌ನಲ್ಲಿ ಅಲ್ಪವಿರಾಮ ತೆಗೆದು, ಆಮೇಲೆ ಸಂಖ್ಯೆ ಮಾಡಬೇಕು. ಮೇಲೆ ಮೂರು ಸಾಲು ಶೀರ್ಷಿಕೆ, ನಡುವೆ ವಿಲೀನಗೊಂಡ ಸೆಲ್‌ಗಳು ಇರುವ ಎಕ್ಸೆಲ್ ಶೀಟ್ ಬಂದರೂ ನಾನು ಮೊದಲು ಕೈ ಹಾಕುವುದು ಪಾಂಡಾಸ್‌ಗೆ. ಯಾವ ಎರರ್ ಹುಡುಕಿದರೂ ಉತ್ತರ ಸಿಗುತ್ತದೆ. ಹಳಸಿದ ಉತ್ತರಗಳೂ ಸಿಗುತ್ತವೆ, ಅದು ಬೇರೆ ವಿಷಯ. ಡೇಟಾಫ್ರೇಮ್‌ಗೆ (ಪಾಂಡಾಸ್‌ನ ಕೋಷ್ಟಕಕ್ಕೆ) ಹೊಸ ಸಾಲು 'ಅಪೆಂಡ್' ಮಾಡಿ ಅನ್ನುವ ಸಲಹೆ ಈಗಲೂ ಓಡಾಡುತ್ತಿದೆ. 2.0ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ, ಈಗ 'ಕಾನ್‌ಕ್ಯಾಟ್' ಬಳಸಬೇಕು.

ಕನ್ನಡದ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರು ಜಾಸ್ತಿ ಗಮನ ಕೊಡಬೇಕಾದ ತೊಂದರೆ ಇನ್ನೊಂದು. ಎರಡು ಫೈಲ್‌ಗಳನ್ನು ಮಾರುಕಟ್ಟೆ ಹೆಸರಿನ ಮೇಲೆ ಜೋಡಿಸುವಾಗ 'ಶಿವಮೊಗ್ಗ' ಮಾತ್ರ ಹೊಂದುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಒಳಗೆ ನೋಡಿದರೆ ಒಂದರಲ್ಲಿ 'ೊ' ಎಂಬುದು ಒಂದೇ ಯೂನಿಕೋಡ್ ಸಂಕೇತ, ಇನ್ನೊಂದರಲ್ಲಿ ಅದೇ ಚಿಹ್ನೆ 'ೆ' ಮತ್ತು 'ೂ' ಎಂದು ಎರಡಾಗಿ ಬಿಡಿಸಿಕೊಂಡಿದೆ. ಹಳೆಯ ಮ್ಯಾಕ್ ಡಿಸ್ಕ್‌ಗಳು ಫೈಲ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ಫೈಲ್ ಹೆಸರಿನಿಂದ ಊರಿನ ಹೆಸರು ತೆಗೆದುಕೊಂಡರೆ ಈ ಪೇಚು ಬರುತ್ತದೆ. ಇಲ್ಲಿ ಮೂರೂ ಟೂಲ್‌ಗಳು ಸಮ. ಮೂರೂ ತುಟಿ ಬಿಚ್ಚುವುದಿಲ್ಲ, ಮೂರರಲ್ಲೂ ಎನ್‌ಎಫ್‌ಸಿ ರೂಪಕ್ಕೆ ತರುವ, ಅಂದರೆ ಬಿಡಿಸಿದ್ದನ್ನು ಮತ್ತೆ ಒಂದೇ ಸಂಕೇತವಾಗಿ ಸೇರಿಸುವ ಫಂಕ್ಷನ್ ಇದೆ. ಜೋಡಿಸುವ ಮೊದಲು ಎರಡೂ ಕಡೆ ಅದನ್ನು ಓಡಿಸಬೇಕು. ಊರಿನ ಹೆಸರು ಎರಡು ಸಲ ಬಂದು ಸಾಲುಗಳು ದುಪ್ಪಟ್ಟಾಗುವ ಕಾಟಕ್ಕೆ ಪಾಂಡಾಸ್ ಮತ್ತು ಪೋಲಾರ್ಸ್‌ನಲ್ಲಿ 'ವ್ಯಾಲಿಡೇಟ್' ಆಯ್ಕೆ ಇದೆ. ಡಕ್‌ಡಿಬಿಯಲ್ಲಿ ಎಸ್‌ಕ್ಯುಎಲ್ ಬರೆದು ನಾವೇ ಎಣಿಸಿ ನೋಡಬೇಕು.

ಈಗ ಅದೇ ಖಾಲಿ ಸೆಲ್ ಫೋನಿಗೆ ಬಂತು ಅಂದುಕೊಳ್ಳಿ. ಜೇಸನ್‌ನಲ್ಲಿ ದರ 48500.0 ಅಂತಿದೆ, ಒಂದು ಕಡೆ ನಲ್ ಇದೆ. ಫ್ಲಟರ್‌ನ ಡಾರ್ಟ್ ಭಾಷೆಯಲ್ಲಿ ದರವನ್ನು ಇಂಟ್ (ಪೂರ್ಣಾಂಕ) ಅಂತ ಬರೆದಿದ್ದರೆ ತಕ್ಷಣ ಎರರ್: ಡಬಲ್ (ದಶಮಾಂಶ) ಎಂಬುದು ಇಂಟ್‌ನ ಒಳಗೆ ಬರುವುದಿಲ್ಲ ಅಂತ. ನಲ್ ಬಂದರೆ ಇನ್ನೊಂದು ಎರರ್. ಮೊದಲು 'ನಮ್' (ಯಾವ ಸಂಖ್ಯೆಯಾದರೂ ಸರಿ ಎಂಬ ಟೈಪ್) ಅಂತ ಓದಿಕೊಂಡು, ಆಮೇಲೆ ಪೂರ್ಣಾಂಕ ಮಾಡಬೇಕು, ನಲ್ ಬರಬಹುದು ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಕಿರಿಕಿರಿ ಅನಿಸುತ್ತದೆ.

ರಿಯಾಕ್ಟ್ ನೇಟಿವ್‌ನಲ್ಲಿ ಕಿರಿಕಿರಿಯೇ ಇಲ್ಲ, ಇಲ್ಲದಿರುವುದೇ ಸಮಸ್ಯೆ. ಜಾವಾಸ್ಕ್ರಿಪ್ಟ್‌ಗೆ 48500.0 ಮತ್ತು 48500 ಎರಡೂ ಒಂದೇ, ಅದು ಸಂತೋಷ. ಆದರೆ ಕೂಡುವಾಗ ನಲ್ ಸೊನ್ನೆಯಾಗಿಬಿಡುತ್ತದೆ. ವಾರದ ಸರಾಸರಿ ತೆಗೆದರೆ ಆವಕ ಇಲ್ಲದ ದಿನವೂ ಲೆಕ್ಕಕ್ಕೆ ಬಂದು, ದರ ಕುಸಿದಂತೆ ಕಾಣುತ್ತದೆ. ಬೆಳೆಗಾರರು ನೋಡುವ ಆ್ಯಪ್‌ನಲ್ಲಿ ಇದು ಸಣ್ಣ ತಪ್ಪಲ್ಲ. ಟೈಪ್‌ಸ್ಕ್ರಿಪ್ಟ್ (ಟೈಪ್‌ಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್) ಹಾಕಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ಟೈಪ್‌ಸ್ಕ್ರಿಪ್ಟ್‌ನ ಟೈಪ್‌ಗಳು ಆ್ಯಪ್ ಓಡುವ ಹೊತ್ತಿಗೆ ಇರುವುದೇ ಇಲ್ಲ, ಹೊರಗಿನಿಂದ ಬಂದ ಜೇಸನ್ ಅನ್ನು ಅವು ತಡೆಯುವುದಿಲ್ಲ. ಜಾಡ್‌ನಂಥ ಲೈಬ್ರರಿ ಬಳಸಿ ಡೇಟಾ ಒಳಗೆ ಬರುವ ಬಾಗಿಲಲ್ಲೇ ಪರೀಕ್ಷಿಸಬೇಕು.

ಪರದೆಯ ಮೇಲೂ ಇದೇ ಕಥೆ. ಕನ್ನಡದ ಪದ ಉದ್ದ. ಇಂಗ್ಲಿಷ್‌ನಲ್ಲಿ ಸರಿಯಾಗಿ ಕೂತ ಸಾಲು ಕನ್ನಡಕ್ಕೆ ತಿರುಗಿದ ಕೂಡಲೇ ಹೊರಗೆ ಚಾಚುತ್ತದೆ. ಆಗ ಫ್ಲಟರ್ ಹಳದಿ-ಕಪ್ಪು ಪಟ್ಟೆ ತೋರಿಸಿ, ಎಷ್ಟು ಪಿಕ್ಸೆಲ್ ಹೊರಗೆ ಹೋಯಿತು ಅಂತಲೂ ಹೇಳುತ್ತದೆ. ಪಠ್ಯವನ್ನು ಇರುವ ಜಾಗಕ್ಕೆ ಹೊಂದಿಸುವ ಎಕ್ಸ್‌ಪ್ಯಾಂಡೆಡ್ ಒಳಗೆ ಹಾಕಿದರೆ ಆಯಿತು. ರಿಯಾಕ್ಟ್ ನೇಟಿವ್‌ನಲ್ಲಿ ಅಡ್ಡ ಸಾಲಿನ ಪಠ್ಯ ಪರದೆಯಾಚೆ ಮೆಲ್ಲಗೆ ಜಾರಿಹೋಗುತ್ತದೆ, ಪಠ್ಯ ಕುಗ್ಗಲಿ ಅಂತ ಅದಕ್ಕೆ ಫ್ಲೆಕ್ಸ್‌ಶ್ರಿಂಕ್ 1 ಕೊಡಬೇಕು. ಒತ್ತಕ್ಷರದ ಬುಡ ಕತ್ತರಿಸಿಹೋಗುವ ತೊಂದರೆ ಮಾತ್ರ ಎರಡಕ್ಕೂ ಇದೆ. ಇಂಗ್ಲಿಷ್‌ಗೆ ಅಂತ ಬಿಗಿಯಾಗಿ ಕೊಟ್ಟ ಲೈನ್ ಹೈಟ್ ಸಡಿಲಿಸದೆ ಬೇರೆ ದಾರಿಯಿಲ್ಲ.

ಆ್ಯಪ್ ಪರೀಕ್ಷಿಸಲು ಕಂಪ್ಯೂಟರ್‌ನಲ್ಲೇ ಓಡಿಸುವ ನಕಲಿ ಫೋನ್, ಅಂದರೆ ಆಂಡ್ರಾಯ್ಡ್ ಎಮ್ಯುಲೇಟರ್‌ನಿಂದ ನಿಮ್ಮ ಕಂಪ್ಯೂಟರ್‌ನ ಸರ್ವರ್‌ಗೆ ಲೋಕಲ್‌ಹೋಸ್ಟ್ ಅಂದರೆ ಸಿಗುವುದಿಲ್ಲ, 10.0.2.2 ಅನ್ನಬೇಕು.  ಇದು ಎರಡೂ ಕಡೆಯವರನ್ನು ಕಾಡುತ್ತದೆ, ಯಾರನ್ನೂ ಗೆಲ್ಲಿಸುವುದಿಲ್ಲ.

ಬಿಲ್ಡ್ ವಿಷಯದಲ್ಲಿ 'ಫ್ಲಟರ್ ಡಾಕ್ಟರ್' ಕಮಾಂಡ್ ಏನು ಕೊರತೆ ಅಂತ ಪಟ್ಟಿ ಕೊಡುತ್ತದೆ. ಆದರೆ ಆಂಡ್ರಾಯ್ಡ್ ಆ್ಯಪ್ ಕಟ್ಟಲು ಬೇಕಾದ ಗ್ರೇಡಲ್ ಮತ್ತು ಜೆಡಿಕೆಗಳ (ಜಾವಾ ಕಿಟ್) ಆವೃತ್ತಿ ಜಗಳವಾಡಿದಾಗ ಅದೂ ಕೈಚೆಲ್ಲಬಹುದು. ರಿಯಾಕ್ಟ್ ನೇಟಿವ್ ಅನ್ನು ಎಕ್ಸ್‌ಪೋ (ಅದರ ಸಿದ್ಧ ಪರಿಕರಗಳ ಗುಚ್ಛ) ಇಲ್ಲದೆ ಹೊಸಬರಿಗೆ ಹೇಳಲಾರೆ. ಎಕ್ಸ್‌ಪೋ ಇದ್ದರೆ ಫೋನಿನಲ್ಲಿ ಆ್ಯಪ್ ಓಡಿಸಿ ನೋಡುವುದು ಅದರಲ್ಲೇ ಸುಲಭ.

ಕೊನೆಗೆ ಅಡಿಕೆ ಆ್ಯಪ್‌ಗೆ ಡಕ್‌ಡಿಬಿ ಮತ್ತು ಫ್ಲಟರ್ ಇಟ್ಟುಕೊಂಡೆ. ಡಕ್‌ಡಿಬಿಯಲ್ಲಿ ಮೊದಲು ಎಲ್ಲ ಕಾಲಂಗಳನ್ನೂ ಪಠ್ಯವಾಗಿ ಓದಿ, ತಾರೀಕು ಮತ್ತು ದರವನ್ನು ನಾನೇ ಬದಲಿಸುತ್ತೇನೆ, ಅದರ ಊಹೆಗೆ ಅವಕಾಶ ಕೊಡುವುದಿಲ್ಲ. ಪಾಂಡಾಸ್‌ನ ಡೇಟಾಫ್ರೇಮ್ ಮೇಲೂ ಅದು ನೇರವಾಗಿ ಎಸ್‌ಕ್ಯುಎಲ್ ಓಡಿಸುತ್ತದೆ, ಹಾಗಾಗಿ ಎಕ್ಸೆಲ್ ಬಂದ ದಿನ ಎರಡನ್ನೂ ಒಟ್ಟಿಗೆ ಬಳಸಬಹುದು. ಎಸ್‌ಕ್ಯುಎಲ್ ಒಗ್ಗದವರು ಪೋಲಾರ್ಸ್ ಹಿಡಿಯಲಿ. ಎಐ ಸಹಾಯಕ ಬರೆದುಕೊಟ್ಟ ಕೋಡ್‌ನಲ್ಲಿ 'ಗ್ರೂಪ್‌ಬೈ' ನಡುವೆ ಅಂಡರ್‌ಸ್ಕೋರ್ ಇಲ್ಲದಿದ್ದರೆ ಅದು ಹಳೆಯ ಪೋಲಾರ್ಸ್‌ನ ಹೆಸರು, ಸೇರಿಸಿಕೊಳ್ಳಿ. ನಿಮ್ಮ ತಂಡದಲ್ಲಿ ಆಗಲೇ ರಿಯಾಕ್ಟ್ ಬಲ್ಲ ವೆಬ್ ಹುಡುಗರಿದ್ದರೆ ಡಾರ್ಟ್ ಕಲಿಸಲು ಹೋಗಬೇಡಿ. ಜಾಡ್ ಹಾಕಿಸಿ, ನಲ್ ಬಂದ ಕಡೆ "ಆವಕ ಇಲ್ಲ" ಅಂತ ತೋರಿಸಲು ಹೇಳಿ.