ಪ್ರಾಜೆಕ್ಟ್‌ಗೆ ಕಾಳೋ, ಹುಳುವೋ?

ಏಳನೇ ಕ್ಲಾಸಿನ ವಿಜ್ಞಾನ ಪ್ರಾಜೆಕ್ಟ್‌ಗೆ ವಾರವಷ್ಟೇ ಉಳಿದಿದೆಯಾ? ಹಾಗಾದರೆ ಕಾಳೇ ಸರಿ. ಗಾಜಿನ ಲೋಟದ ಒಳಬದಿಗೆ ಒದ್ದೆ ಪೇಪರ್ ಒತ್ತಿ, ಗಾಜಿಗೂ ಪೇಪರಿಗೂ ನಡುವೆ ರಾತ್ರಿಯಿಡೀ ನೆನೆದ ನಾಲ್ಕು ಅಲಸಂದೆ, ನಾಲ್ಕು ಮುಸುಕಿನ ಜೋಳ ಸಿಕ್ಕಿಸಿ. ಅಲಸಂದೆ ತನ್ನೆರಡು ಬೇಳೆ ಹೊತ್ತುಕೊಂಡೇ ಮೇಲೇಳುತ್ತದೆ. ಜೋಳದ ಕಾಳು ಇದ್ದಲ್ಲೇ ಕೂತು, ಸುರುಳಿ ಸುತ್ತಿದ ಎಲೆಯನ್ನಷ್ಟೇ ಮೇಲೆ ಕಳಿಸುತ್ತದೆ. ದ್ವಿದಳ, ಏಕದಳ ಎರಡೂ ಒಂದೇ ಲೋಟದಲ್ಲಿ! ಬೇರು ಬಂದಮೇಲೆ ಲೋಟವನ್ನು ಅಡ್ಡ ಮಲಗಿಸಿ; ಒಂದೆರಡು ದಿನದಲ್ಲಿ ಬೇರಿನ ತುದಿ ಮತ್ತೆ ನೆಲದ ಕಡೆ ಬಾಗುತ್ತದೆ. ಕೊಳೆತುಹೋದರೆ ಚಿಂತೆಯಿಲ್ಲ, ಡಬ್ಬಿಯಲ್ಲಿ ಇನ್ನೂ ಕಾಳಿರುತ್ತದೆ.

ಹುಳುವಿಗೆ ಹೆಚ್ಚುಕಮ್ಮಿ ಒಂದು ತಿಂಗಳು ಬೇಕು, ಔಷಧಿ ಹೊಡೆಯದ ಕರಿಬೇವಿನ ಗಿಡವೂ ಬೇಕು. ಎಳೆ ಎಲೆಗಳಲ್ಲಿ ಹುಡುಕಿ. ಹಕ್ಕಿ ಹಿಕ್ಕೆಯಂತೆ ಕಾಣುವುದೇ ಚಿಟ್ಟೆಯ ಮರಿಹುಳು. ಬೆಳೆದಮೇಲೆ ಹಸಿರಾಗುತ್ತದೆ, ಮೆಲ್ಲಗೆ ತಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಆಮೇಲೆ ಕೋಶ (ಪ್ಯೂಪಾ), ಆಮೇಲೆ ರೆಕ್ಕೆ. ಕೆಲವೊಮ್ಮೆ ಕೋಶದಿಂದ ಚಿಟ್ಟೆಯ ಬದಲು ಪುಟ್ಟ ಪರಾವಲಂಬಿ ಕಣಜಗಳು ಹೊರಬರುವುದೂ ಉಂಟು. ಅದನ್ನೂ ಚಾರ್ಟಿನಲ್ಲಿ ಬರೆಯಿರಿ, ಅದೂ ಜೀವಶಾಸ್ತ್ರವೇ.

ದಿನಾ ತಾಜಾ ಎಲೆ ಹಾಕಿ, ಹುಳು ಸಾಕುವ ಡಬ್ಬಿಯ ಹಿಕ್ಕೆ ಬಳಿದು ತೆಗೆಯುವ ತಾಳ್ಮೆ ಇದ್ದರೆ ನಾನಂತೂ ಹುಳುವನ್ನೇ ಆರಿಸುತ್ತೇನೆ. ಅಡುಗೆಮನೆಯವರನ್ನು ಮಾತ್ರ ಮೊದಲೇ ಒಪ್ಪಿಸಿಕೊಳ್ಳಿ: ಒಗ್ಗರಣೆಗೆ ಕರಿಬೇವು ಉಳಿಯುವುದಿಲ್ಲ.