ಯೂಮ್ಯಾಪ್, ಎರಡು ಮಳೆಗಾಲದ ನಂತರ: ಗುರುತು ಎಳೆಯುವುದು ಸುಲಭ, ಪಟ್ಟಿಗೆ ವಾಪಸ್ ತರುವುದೇ ಕೆಲಸ

ಶಿರಸಿ ಕಡೆಯ ವಿಳಾಸಪಟ್ಟಿಯನ್ನು ತಾನೇ ಜಾಗ ಹುಡುಕಿಕೊಡುವ ಸೇವೆಗಳಿಗೆ ಕೊಟ್ಟು ನೋಡಿದವರಿಗೆ ಈ ತಮಾಷೆ ಗೊತ್ತಿರುತ್ತದೆ. ಅಡ್ಡಹೆಸರಿನ ‘ಹೆಗಡೆ’ಯನ್ನು ಊರಿನ ಹೆಸರೆಂದು ತಿಳಿದು, ಹುಲೇಕಲ್ಲಿನಲ್ಲಿ ತಣ್ಣಗೆ ಕೂತವರನ್ನು ಘಟ್ಟ ಇಳಿಸಿ ಕುಮಟಾ ತಾಲೂಕಿನ ಹೆಗಡೆ ಊರಿಗೆ ಕಳಿಸಿಬಿಡುತ್ತದೆ. ಬಾಡ ಕಾರವಾರದಲ್ಲೂ ಇದೆ, ಕುಮಟಾದಲ್ಲೂ ಇದೆ. ಸಿದ್ದಾಪುರ ನಮ್ಮ ಉತ್ತರ ಕನ್ನಡ ಜಿಲ್ಲೆಯದೊಂದು, ಕೊಡಗಿನದೊಂದು, ಕುಂದಾಪುರದ ಕಡೆ ಇನ್ನೊಂದು. ಏನೂ ಸಿಗದಿದ್ದರೆ ಪಿನ್‌ಕೋಡನ್ನೇ ಹಿಡಿದು, 581401 ಎಂದು ಬರೆದವರನ್ನೆಲ್ಲ ಒಂದೇ ಚುಕ್ಕಿಯ ಮೇಲೆ ಪೇರಿಸಿಡುತ್ತದೆ. ಹೀಗೆ ಹಾಳಾದ ಅಕ್ಷಾಂಶ, ರೇಖಾಂಶಗಳನ್ನು ಕೈಯಿಂದಲೇ ಒಂದೊಂದಾಗಿ ಸರಿಮಾಡಬೇಕು, ಬೇರೆ ದಾರಿಯಿಲ್ಲ. ಆ ಕೆಲಸಕ್ಕೆ ಯೂಮ್ಯಾಪ್ ಎಷ್ಟು ಬರುತ್ತದೆ ಎಂಬುದು ಇಲ್ಲಿಯ ವಿಷಯ.

ಮೊದಲೇ ಹೇಳಿಬಿಡಬೇಕು, ಅದು ವಿಳಾಸ ತಿದ್ದಲಿಕ್ಕೆಂದು ಮಾಡಿದ್ದಲ್ಲ. ಜನರೇ ಸೇರಿ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆಯ ಮೇಲೆ ನಮ್ಮ ಗುರುತುಗಳನ್ನಿಟ್ಟು ನಾಲ್ಕು ಜನರಿಗೆ ತೋರಿಸುವ ಪುಟ ಅದು. ಆದರೆ ಹಾಲಿನ ಡೇರಿ, ಸೊಸೈಟಿ, ಪತ್ರಿಕೆ ಏಜೆಂಟರಂಥ ಸಣ್ಣ ಪಟ್ಟಿಯವರು ಅದನ್ನೇ ರಿಪೇರಿ ಮೇಜು ಮಾಡಿಕೊಳ್ಳಬಹುದು. ದುಡ್ಡಿಲ್ಲ, ಕಾರ್ಡ್ ನಂಬರ್ ಕೇಳುವುದಿಲ್ಲ. ಲಾಗಿನ್ ಆಗದೆಯೂ ನಡೆಯುತ್ತದೆ, ಆದರೆ ಆಗ ಕೊಡುವ ಗುಟ್ಟಿನ ಲಿಂಕ್ ಕಳೆದುಹೋದರೆ ನಿಮ್ಮ ನಕಾಶೆಯನ್ನು ನೀವೇ ತಿದ್ದಲಾಗದು. ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ಮಾಡಿಕೊಂಡೇ ಒಳಹೋಗಿ. ಹಂಚಿಕೆಯ ಆಯ್ಕೆಯಲ್ಲಿ ಯಾರ್‍ಯಾರು ನೋಡಬಹುದು ಎಂಬುದನ್ನು ಮೊದಲ ದಿನವೇ ಬಿಗಿ ಮಾಡಿ. ಅದಕ್ಕಿಂತ ಒಳ್ಳೆಯದು, ಹೆಸರು ಮತ್ತು ಫೋನ್ ನಂಬರನ್ನು ಅಲ್ಲಿಗೆ ಏರಿಸಲೇಬೇಡಿ. ಕ್ರಮಸಂಖ್ಯೆ, ಊರು, ಕೇರಿ, ಪಿನ್‌ಕೋಡ್ ಇಷ್ಟು ಹೋದರೆ ಸಾಕು. ಹೆಸರಿರುವ ಅಸಲು ಪಟ್ಟಿ ಕಂಪ್ಯೂಟರಿನಲ್ಲೇ ಇರಲಿ, ಕ್ರಮಸಂಖ್ಯೆಯೇ ಎರಡಕ್ಕೂ ಕೊಂಡಿ.

ಫೈಲ್ ತಯಾರಿಯಲ್ಲಿ ಕೆಡುವಷ್ಟು ಬೇರೆಲ್ಲೂ ಕೆಡುವುದಿಲ್ಲ. ಎಕ್ಸೆಲ್‌ನಲ್ಲಿ ಕಾಲಂ ಎರಡು ದಶಾಂಶ ಮಾತ್ರ ತೋರಿಸುವಂತೆ ಇದ್ದರೆ, ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಫೈಲ್) ಮಾಡಿದಾಗ ಕಣ್ಣಿಗೆ ಕಾಣುವ ಅಂಕಿಯೇ ಫೈಲಿಗೆ ಹೋಗುತ್ತದೆ. ಒಳಗಿದ್ದ 14.812437 ಹೊರಗೆ 14.81 ಆಗಿ ಬರುತ್ತದೆ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ., ಅಂದರೆ ಎರಡೇ ದಶಾಂಶ ಉಳಿದರೆ ಮನೆ ಅರ್ಧ ಕಿಲೋಮೀಟರಿನವರೆಗೂ ಸರಿಯಬಹುದು. ನಾಲ್ಕು ದಶಾಂಶಕ್ಕೆ ಸುಮಾರು 11 ಮೀಟರ್, ಐದಕ್ಕೆ ಒಂದು ಮೀಟರಿನ ಲೆಕ್ಕ. ಆರು ಇಟ್ಟುಕೊಂಡರೆ ಚಿಂತೆಯಿಲ್ಲ, ಅದಕ್ಕಿಂತ ಹೆಚ್ಚು ಬರೆದರೆ ಬರೀ ಷೋಕಿ. ಕನ್ನಡ ಅಕ್ಷರವಿರುವ ಪಟ್ಟಿಯಾದರೆ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ, ಇಲ್ಲವಾದರೆ ಊರಿನ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತವೆ.

ಯೂಮ್ಯಾಪ್ ಕಾಲಂ ತಲೆಬರಹ ನೋಡಿ ಯಾವುದು ಯಾವುದೆಂದು ಊಹಿಸುತ್ತದೆ. ‘ಲ್ಯಾಟ್’, ‘ಲಾನ್’ ಎಂದು ಇಂಗ್ಲಿಷ್ ಅಕ್ಷರದಲ್ಲೇ ಶುರುವಾಗಬೇಕು, ‘ಅಕ್ಷಾಂಶ’ ಎಂದರೆ ಅದಕ್ಕೆ ತಿಳಿಯದು. ಬೇರೆ ಯಾವ ಕಾಲಂ ಕೂಡ ಆ ಅಕ್ಷರಗಳಿಂದ ಶುರುವಾಗದಿರಲಿ. ‘ಲಾಂಗ್ ಅಡ್ರೆಸ್’ ಎಂಬ ತಲೆಬರಹ ಇಟ್ಟರೆ ವಿಳಾಸವನ್ನೇ ರೇಖಾಂಶವೆಂದು ಓದಲು ಹೋಗುತ್ತದೆ. ಕ್ರಮಸಂಖ್ಯೆಯ ಕಾಲಂಗೆ ‘ನೇಮ್’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟರೆ ಗುರುತಿನ ಮೇಲೆ ಒತ್ತಿದಾಗ ಸಂಖ್ಯೆ ಎದುರಿಗೇ ಬರುತ್ತದೆ.

ಏರಿಸುವ ಮೊದಲು ಪಟ್ಟಿಗೊಂದು ಜರಡಿ ಹಿಡಿಯಿರಿ. ನಮ್ಮ ಜಿಲ್ಲೆಯ ಅಕ್ಷಾಂಶ 13.9ರಿಂದ 15.6ರ ಒಳಗೆ, ರೇಖಾಂಶ 74.0ರಿಂದ 75.2ರ ಒಳಗೆ. ಇದರ ಹೊರಗೆ ಬಿದ್ದದ್ದೆಲ್ಲ ತಪ್ಪು, ಮತ್ತು ಎಲ್ಲಿ ಬಿತ್ತು ಎಂಬುದರಿಂದಲೇ ಏನು ತಪ್ಪು ಎಂದು ಹೇಳಬಹುದು. ಎರಡು ಕಾಲಂ ಅದಲುಬದಲಾದರೆ ಕಾರವಾರ ನಾರ್ವೆಯಿಂದ ಇನ್ನೂ ಉತ್ತರದ ಸಮುದ್ರದಲ್ಲಿ ತೇಲುತ್ತದೆ. ಖಾಲಿ ಕೋಶವನ್ನು ಯಾರಾದರೂ ಸೊನ್ನೆ ಮಾಡಿದ್ದರೆ ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ. ಜರಡಿಯಿಂದಲೂ ನುಸುಳುವ ಮೋಸವೊಂದಿದೆ: ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿದ್ದ 14°48′36″ ಅನ್ನು ಹಾಗೇ 14.4836 ಎಂದು ಬರೆಯುವುದು. ಸರಿಯಾದ ಲೆಕ್ಕ 14.81. ಬರೆದದ್ದು ಮತ್ತು ಸರಿಯಾದದ್ದರ ನಡುವೆ 36 ಕಿ.ಮೀ. ರೇಖಾಂಶದ 74°07′48″ ಕೂಡ ಇದೇ ರೀತಿ 74.0748 ಆಗಿದ್ದರೆ, ಕಾರವಾರದ ಮನೆ ಗೋಕರ್ಣದ ಎದುರಿನ ನಡುಗಡಲಿಗೆ ಹೋಗಿರುತ್ತದೆ. ಅಂಕಿ ನೋಡಿದರೆ ಸಂಶಯವೇ ಬಾರದು, ನಕಾಶೆಯ ಮೇಲೆ ಇಟ್ಟಾಗಲೇ ಸಿಕ್ಕಿಬೀಳುವುದು.

ಅಕ್ಷಾಂಶ, ರೇಖಾಂಶವೇ ಇಲ್ಲದ ಸಾಲುಗಳನ್ನು ಯೂಮ್ಯಾಪ್ ನಕಾಶೆಯ ಮೇಲೆ ತೋರಿಸಲಾರದು. ಅವಕ್ಕೆಲ್ಲ 14.80, 74.00 ಎಂದು ತಾತ್ಕಾಲಿಕ ಜಾಗ ಕೊಡಿ. ಅದು ಕಾರವಾರದ ಎದುರಿನ ಕಡಲಿನ ದೇವಗಡದ ದೀಪಸ್ತಂಭದಿಂದಲೂ ಆಚೆ, ಬರೀ ನೀರು. ಪದರದ (ಗುರುತುಗಳನ್ನು ಒಟ್ಟಿಗಿಡುವ ಲೇಯರಿನ) ಬಗೆಯಲ್ಲಿ ‘ಗುಂಪು’ ಆರಿಸಿಕೊಂಡರೆ ಅಲ್ಲೊಂದು ವೃತ್ತ, ಒಳಗೆ ಎಷ್ಟು ಬಾಕಿ ಎಂಬ ಸಂಖ್ಯೆ. ಇದೇ ಗುಂಪು ಪದರ ಪಿನ್‌ಕೋಡ್ ರಾಶಿಗಳನ್ನೂ ಹಿಡಿದುಕೊಡುತ್ತದೆ. ಪೂರ್ತಿ ಹತ್ತಿರ ಹೋದರೂ ಒಡೆಯದ ಗುಂಪು ಕಂಡರೆ ಅಲ್ಲಿ ಮನೆಗಳಿಲ್ಲ, ಬರೀ ಅಂದಾಜು ಇದೆ. ಗುಂಪು ಮಾಡದಿದ್ದರೆ ಐವತ್ತು ಗುರುತು ಒಂದರ ಮೇಲೊಂದು ಕೂತು ಒಂದೇ ಎಂಬಂತೆ ಕಾಣುತ್ತದೆ, ಎಲ್ಲ ಸರಿಯಿದೆ ಎಂದು ಕಣ್ಣು ನಂಬುತ್ತದೆ.

ಇನ್ನು ತಿದ್ದುವ ಕೆಲಸ. ಇಲ್ಲಿ ಯೂಮ್ಯಾಪ್‌ಗೆ ಕೈ ಮುಗಿಯಬೇಕು. ಪೆನ್ಸಿಲ್ ಒತ್ತಿ, ಗುರುತು ಹಿಡಿದೆಳೆದು ಬಿಟ್ಟರೆ ಆಯಿತು. ಶಿಫ್ಟ್ ಒತ್ತಿಕೊಂಡು ಗುರುತಿನ ಮೇಲೆ ಒತ್ತಿದರೆ ಬದಿಯ ಫಲಕ ತೆರೆಯುತ್ತದೆ, ಅದರಲ್ಲಿ ಅಂಕಿಯನ್ನೇ ಬರೆಯಬಹುದು. ಕಂಟ್ರೋಲ್-ಎಸ್ ಒತ್ತಿದರೆ ಉಳಿಯಿತು. ಇದಕ್ಕೆ ಬುದ್ಧಿವಂತಿಕೆ ಇಲ್ಲದಿರುವುದೇ ದೊಡ್ಡ ಗುಣ. ವಿಳಾಸದ ಒಂದು ಅಕ್ಷರ ತಿದ್ದಿದೊಡನೆ ತಾನೇ ಮತ್ತೆ ಜಾಗ ಹುಡುಕಿ, ಕೈಯಿಂದ ಸರಿಮಾಡಿದ ಗುರುತನ್ನು ಹಳೇ ರಾಶಿಗೇ ಎಸೆಯುವ ತಂತ್ರಾಂಶಗಳಿವೆ. ಯೂಮ್ಯಾಪ್‌ನಲ್ಲಿ ಊರಿನ ಹೆಸರು ನೂರು ಸಲ ತಿದ್ದಿ, ಗುರುತು ಇಟ್ಟಲ್ಲೇ ಇರುತ್ತದೆ.

ದಿನಕ್ಕೆ ಮೂವತ್ತು ಮನೆಗಿಂತ ಹೆಚ್ಚು ಹಿಡಿಯಬೇಡಿ, ಅದೂ ಒಂದೇ ಊರಿನವು. ಫೋನಿನಲ್ಲಿ ಕೇಳುವ ಪ್ರಶ್ನೆ ಮೂರೇ ಇರಲಿ. ಪೇಟೆಯಿಂದ ಬರುವಾಗ ಮನೆ ಎಡಕ್ಕೋ ಬಲಕ್ಕೋ? ಶಾಲೆ, ಬಸ್ ನಿಲ್ಲುವ ಜಾಗ, ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್), ಇವುಗಳಲ್ಲಿ ಯಾವುದು ಹತ್ತಿರ? ದಣಪೆಯವರೆಗೆ, ಅಂದರೆ ಬೇಲಿಯ ಬಾಗಿಲಿನವರೆಗೆ, ಗಾಡಿ ಬರುತ್ತದೋ? ಈ ಮೂರನೆಯದನ್ನು ಬಿಟ್ಟವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಘಟ್ಟದ ಮೇಲೆ ದಣಪೆಗೂ ಮನೆಗೂ ಇನ್ನೂರು ಮೀಟರ್ ಇರುವುದು ಮಾಮೂಲಿ, ಮಳೆಗಾಲದಲ್ಲಿ ಆ ಇನ್ನೂರು ಮೀಟರೇ ಕೆಸರು. ಗುರುತನ್ನು ಮನೆಯ ಮಾಡಿನ (ಛಾವಣಿಯ) ಮೇಲಿಡಬೇಕೋ ದಣಪೆಯಲ್ಲಿಡಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ, ಪಟ್ಟಿ ಪೂರ್ತಿ ಒಂದೇ ಪದ್ಧತಿ ಹಿಡಿಯಿರಿ. ಸಾಮಾನು ತಲುಪಿಸುವವರಿಗೆ ದಣಪೆಯೇ ಸರಿ.

‘ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿ’ ಎನ್ನುವುದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ನೆಟ್‌ವರ್ಕ್ ಗುಡ್ಡದ ಮೇಲೆ ಮಾತ್ರ ಸಿಗುವ ಊರಿನಲ್ಲಿ ಎಲ್ಲರೂ ಗುಡ್ಡ ಹತ್ತಿಯೇ ಕಳಿಸುವುದು. ಒಂದೇ ಊರಿನ ಐದಾರು ಮನೆ ಒಂದೇ ಬೋಳುಗುಡ್ಡದ ಮೇಲೆ ಬಂದರೆ ಅದು ಸಿಗ್ನಲ್ ಸಿಗುವ ಜಾಗವೆಂದೇ ತಿಳಿಯಿರಿ. ಮನೆಯಂಗಳದಿಂದ ಕಳಿಸಿದ್ದಾದರೂ ಫೋನ್ ಹೊರಗೆ ಹಿಡಿದು ಒಂದು ನಿಮಿಷ ಕಾಯಲು ಹೇಳಬೇಕು. ತೆರೆದ ಆಕಾಶದಡಿ ಐದು ಮೀಟರಿನ ಆಸುಪಾಸು ನಿಲ್ಲುವ ಫೋನ್ ಜಿಪಿಎಸ್, ಅಡಿಕೆ ತೋಟದ ನೆರಳಿನಲ್ಲಿ ಎತ್ತೆತ್ತಲೋ ಓಡಾಡುತ್ತದೆ.

ಇಷ್ಟು ಹೊಗಳಿದ ಮೇಲೆ ಕೊರಗು. ಯೂಮ್ಯಾಪ್ ಜೊತೆಗೆ ಬರುವ ಹಿನ್ನೆಲೆ ನಕಾಶೆಗಳು ಹೆಚ್ಚಾಗಿ ರಸ್ತೆ ನಕಾಶೆಗಳು. ಕಾರವಾರದ ಕೋಡಿಬಾಗ, ಕಾಜುಬಾಗದಲ್ಲಿ ಹೇಗೋ ನಡೆಯುತ್ತದೆ. ಶಿರಸಿಯ ಹಳ್ಳಿಗಳಲ್ಲಿ ಮನೆಗಳನ್ನು ಇನ್ನೂ ಯಾರೂ ಬಿಡಿಸಿಲ್ಲದ ಕಡೆ ಎದುರಿಗಿರುವುದು ಒಂದು ಗೆರೆ ಮತ್ತು ಹಸಿರು. ಉಪಗ್ರಹ ಚಿತ್ರ ಬೇಕಾದರೆ ಬಳಸಲು ಅನುಮತಿಯಿರುವ ಪದರದ ವಿಳಾಸವನ್ನು ನಕಾಶೆಯ ಸೆಟ್ಟಿಂಗಿನಲ್ಲಿ ಸ್ವಂತ ಹಿನ್ನೆಲೆಯಾಗಿ ಅಂಟಿಸಬೇಕು. ಹೊಸಬರು ಇಲ್ಲೇ ಕೈಚೆಲ್ಲುವುದು. ಪಕ್ಕದ ಟ್ಯಾಬಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಐಡಿ ಸಂಪಾದಕ ತೆರೆದಿಟ್ಟುಕೊಳ್ಳುವುದು ಸಲೀಸು, ಅದರಲ್ಲಿ ಉಪಗ್ರಹ ಚಿತ್ರ ಮೊದಲೇ ಇದೆ. ಅಲ್ಲೇ ಮನೆಯ ಆಕಾರ ಬಿಡಿಸಿ ಉಳಿಸಿದರೆ ಸ್ವಲ್ಪ ಹೊತ್ತಿಗೆ ಯೂಮ್ಯಾಪ್‌ನ ಹಿನ್ನೆಲೆಯಲ್ಲೂ ಮೂಡುತ್ತದೆ.

ಚಿತ್ರ ಓದಲಿಕ್ಕೂ ಅಭ್ಯಾಸ ಬೇಕು. ತೋಟದ ನಡುವೆ ಹಂಚಿನ ಮಾಡು ಹುಡುಕಿದರೆ ಸಿಗದು, ಸೋಗೆಯಡಿ ಅಡಗಿರುತ್ತದೆ. ಮನೆ ಸಾಮಾನ್ಯವಾಗಿ ತೋಟದ ಅಂಚಿಗೆ, ಹಿಂದೆ ಬೆಟ್ಟ ಇಟ್ಟುಕೊಂಡು ಇರುತ್ತದೆ. ಅಲ್ಲಿ ಬಿಳಿಚಿಕೊಂಡ ಚೌಕಾಕಾರದ ಬಯಲು ಕಂಡರೆ ಅಡಿಕೆ ಒಣಗಿಸುವ ಅಂಗಳ, ಮನೆ ಅದಕ್ಕೆ ಹೊಂದಿಕೊಂಡೇ ಇದೆ. ಕೊಯ್ಲಿನ ತಿಂಗಳುಗಳಲ್ಲಿ ತೆಗೆದ ಚಿತ್ರವಾದರೆ ಅಂಗಳ ಎದ್ದು ಕಾಣುತ್ತದೆ. ಗುಡ್ಡಗಾಡಿನಲ್ಲಿ ಒಂದು ಕಂಪನಿಯ ಚಿತ್ರಕ್ಕೂ ಇನ್ನೊಂದರ ಚಿತ್ರಕ್ಕೂ ಕೆಲವು ಮೀಟರ್ ವ್ಯತ್ಯಾಸವಿರುತ್ತದೆ, ಆದ್ದರಿಂದ ಒಂದು ಊರಿಗೆ ಒಂದೇ ಚಿತ್ರ ಹಿಡಿಯಿರಿ.

ನದಿಬಾಯಿಯ ಊರುಗಳಲ್ಲಿ ಆ ಕೆಲವು ಮೀಟರೇ ದುಬಾರಿ. ದಾರಿ ತೋರಿಸುವ ಆ್ಯಪ್ ಗುರುತಿಗೆ ಅತಿ ಹತ್ತಿರದ ರಸ್ತೆಯನ್ನು ಹಿಡಿಯುತ್ತದೆ, ಅದು ಯಾವ ದಡದ್ದು ಎಂದು ನೋಡುವುದಿಲ್ಲ. ಕಾಳಿ ನದಿಯ ಈಚೆ ಕೋಡಿಬಾಗದ ಮನೆಯ ಗುರುತು ನೀರಿನೊಳಗೆ ಸರಿದು ಆಚೆ ದಡಕ್ಕೆ ಹತ್ತಿರವಾದರೆ ಗಾಡಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗಿ ನಿಲ್ಲುತ್ತದೆ. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಮೇಲಂತೂ ಆ ಸುತ್ತು ಸಣ್ಣದಲ್ಲ ಎಂಬುದು ಎಲ್ಲರಿಗೂ ಅರ್ಥವಾಗಿದೆ. ತದಡಿ ಮತ್ತು ಅಘನಾಶಿನಿ ಊರಿನ ಕತೆ ಇನ್ನೂ ಕೆಟ್ಟದ್ದು. ದೋಣಿಯಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ದಾಟುವ ಜಾಗಕ್ಕೆ ರಸ್ತೆಯಲ್ಲಿ ಹೋದರೆ ಮಿರ್ಜಾನ, ಕುಮಟಾ ಸುತ್ತಬೇಕು. ಇಂಥ ಕಡೆ ಗುರುತನ್ನು ಮನೆಯ ದಡದ ರಸ್ತೆಯ ಬದಿಗೇ ತಂದಿಡಿ.

ಎಲ್ಲಕ್ಕಿಂತ ಸಿಟ್ಟು ಬರಿಸುವುದು ವಾಪಸಾತಿ. ಅಸಲು ಪಟ್ಟಿ ಸುಮ್ಮನೆ ಕೂತಿರುವುದಿಲ್ಲ, ತಿಂಗಳಿಗೆ ಹತ್ತು ಹೊಸ ಹೆಸರು ಸೇರುತ್ತವೆ, ನಾಲ್ಕು ಹೋಗುತ್ತವೆ. ಹೊಸ ಪಟ್ಟಿಯನ್ನು ಯೂಮ್ಯಾಪ್‌ಗೆ ಏರಿಸಿದರೆ ಅದು ಕ್ರಮಸಂಖ್ಯೆ ಹೊಂದಿಸಿ ನೋಡುವುದಿಲ್ಲ. ಸುಮ್ಮನೆ ಏರಿಸಿದಿರೋ, ಪ್ರತಿ ಮನೆಯೂ ಎರಡೆರಡು, ಒಂದು ತಿದ್ದಿದ ಜಾಗದಲ್ಲಿ, ಇನ್ನೊಂದು ಹಳೇ ರಾಶಿಯಲ್ಲಿ. ‘ಪದರದಲ್ಲಿರುವುದನ್ನು ಬದಲಿಸು’ ಎಂಬುದಕ್ಕೆ ಟಿಕ್ ಹಾಕಿದಿರೋ, ತಿದ್ದಿದ್ದೆಲ್ಲ ಹೋಗಿ ಹಳೇ ತಪ್ಪುಗಳು ಹೊಸದಾಗಿ ಬಂದು ಕೂರುತ್ತವೆ. ಮೂವತ್ತು ಮೂವತ್ತರಂತೆ ಫೋನ್ ಮಾಡಿ ಮಾಡಿದ ಕೆಲಸ ಒಂದು ಟಿಕ್ಕಿಗೆ ತೊಳೆದುಹೋಗುತ್ತದೆ. ಯಾವ ಗುರುತನ್ನು ಯಾವತ್ತು, ಯಾವ ಆಧಾರದ ಮೇಲೆ ಸರಿಸಿದ್ದು ಎಂಬುದೂ ತಾನಾಗಿ ದಾಖಲಾಗುವುದಿಲ್ಲ.

ಆದ್ದರಿಂದ ನೀರು ಒಂದೇ ಕಡೆ ಹರಿಯಬೇಕು. ಏರಿಸುವುದು ಬರೀ ಹೊಸ ಸಾಲುಗಳನ್ನು, ಪ್ರತಿ ಕಂತಿಗೂ ಬೇರೆ ಪದರ. ಫೈಲಿನಲ್ಲಿ ‘ದರ್ಜೆ’ ಮತ್ತು ‘ದಿನಾಂಕ’ ಎಂಬ ಎರಡು ಕಾಲಂ ಮೊದಲೇ ಇರಲಿ. ದರ್ಜೆಯಲ್ಲಿ ಮೂರೇ ಮಾತು: ‘ಅಂದಾಜು’, ‘ಫೋನ್’, ‘ಕಂಡದ್ದು’. ಷರತ್ತಿನ ಮೇಲೆ ಬಣ್ಣ ಬದಲಿಸುವ ಸೌಲಭ್ಯ ಯೂಮ್ಯಾಪ್‌ನಲ್ಲಿದೆ, ‘ದರ್ಜೆ=ಅಂದಾಜು’ ಎಂದಾದರೆ ಕೆಂಪು ಎಂದು ಕೊಟ್ಟರೆ ಬಾಕಿ ಮನೆಗಳು ದೂರದಿಂದಲೇ ಕಾಣುತ್ತವೆ. ಸಂಜೆ ಸಿಎಸ್‌ವಿ ಆಗಿ ಇಳಿಸಿಕೊಂಡು, ಅಸಲು ಹಾಳೆಯಲ್ಲಿ ವಿ-ಲುಕಪ್ (ಒಂದು ಪಟ್ಟಿಯಿಂದ ಹೊಂದುವ ಸಾಲು ಹುಡುಕಿ ತರುವ ಎಕ್ಸೆಲ್ ಸೂತ್ರ) ಹಾಕಿ ಕ್ರಮಸಂಖ್ಯೆಯ ಮೇಲೆ ಅಕ್ಷಾಂಶ, ರೇಖಾಂಶ ಎಳೆದುಕೊಳ್ಳಿ. ಕ್ರಮಸಂಖ್ಯೆ 007ರಂತೆ ಸೊನ್ನೆಯಿಂದ ಶುರುವಾಗುತ್ತಿದ್ದರೆ ಎಕ್ಸೆಲ್ ಅದನ್ನು 7 ಮಾಡಿ ಕೊಂಡಿ ಕಳಚುತ್ತದೆ, ಮುಂದೆ ಒಂದು ಅಕ್ಷರ ಸೇರಿಸಿ ‘ಕ007’ ಮಾಡಿಕೊಳ್ಳಿ. ಏರಿಸಿದ ಸಾಲು ಮತ್ತು ಇಳಿಸಿದ ಸಾಲು ಎಣಿಸಿ ನೋಡದೆ ಹಾಳೆ ಮುಚ್ಚಬೇಡಿ. ವಾರಕ್ಕೊಮ್ಮೆ ಪೂರ್ತಿ ನಕಾಶೆಯ ನಕಲನ್ನೂ ಇಳಿಸಿಟ್ಟುಕೊಳ್ಳಿ.

ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಇಲ್ಲಿ ಸಣ್ಣ ಉಪಕಾರ ಮಾಡುತ್ತದೆ. ಸುಮಾರು ನಾಲ್ಕು ಮೀಟರ್ ಚೌಕಕ್ಕೆ ಹತ್ತು ಅಕ್ಷರದ ಸಂಕೇತ ಅದು. ಅಕ್ಷಾಂಶ, ರೇಖಾಂಶದಿಂದಲೇ ಹುಟ್ಟುವುದರಿಂದ ತಪ್ಪು ಅಂಕಿಗೆ ತಪ್ಪು ಸಂಕೇತವೇ ಬರುತ್ತದೆ, ವಿಳಾಸವನ್ನು ಅದು ಸರಿಮಾಡುವುದಿಲ್ಲ. ಆದರೆ ಫೋನಿನಲ್ಲಿ ಓದಿ ಹೇಳಲು ಹದಿನಾರು ಅಂಕಿಗಿಂತ ಹತ್ತು ಅಕ್ಷರ ಸಲೀಸು.

ಮೊಬೈಲಿನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ, ಬೆರಳಡಿ ಮನೆಯೇ ಮುಚ್ಚಿಹೋಗುತ್ತದೆ. ಮೌಸ್ ಇರುವ ಹಳೇ ಕಂಪ್ಯೂಟರ್ ಸಾಕು. ಪಟ್ಟಿ ಹತ್ತಾರು ಸಾವಿರ ಸಾಲಿನದಾದರೆ ಯೂಮ್ಯಾಪ್ ಏದುಸಿರು ಬಿಡುತ್ತದೆ, ಅಂಥವರು ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶ ಕಲಿಯುವುದೇ ವಾಸಿ. ಒಂದೆರಡು ಸಾವಿರದ ಒಳಗಿನವರಿಗೆ ಐದಕ್ಕೆ ಮೂರೂವರೆ ಅಂಕ. ಕ್ರಮಸಂಖ್ಯೆ ಹೊಂದಿಸಿ ಏರಿಸುವ ಸೌಲಭ್ಯ ಒಂದಿದ್ದಿದ್ದರೆ ನಾಲ್ಕೂವರೆ.

ಸಂಜೆ ಕಂಟ್ರೋಲ್-ಎಸ್ ಒತ್ತಿದ ಮೇಲೆ ಒಮ್ಮೆ ದೇವಗಡದಾಚೆಯ ವೃತ್ತ ನೋಡಿ. ಬೆಳಿಗ್ಗೆ 112 ಇದ್ದದ್ದು 87ಕ್ಕೆ ಇಳಿದಿದ್ದರೆ ಆ ದಿನ ಇಪ್ಪತ್ತೈದು ಮನೆ ದಡ ಸೇರಿದವು. ಕೊನೆಗೂ ನೀರಲ್ಲೇ ಉಳಿಯುವುದು ‘ಬಸ್ ಸ್ಟ್ಯಾಂಡ್ ಹತ್ತಿರ, ಅಂಕೋಲಾ’ ಎಂದಷ್ಟೇ ಬರೆದು, ಫೋನ್ ನಂಬರನ್ನೂ ಬದಲಿಸಿದವರು.